ಕೈ ಮುಟ್ಟಿಸಿದ ಎಣ್ಣೆ

ನರ್ಸ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಬಂದವರು ಕೇಳುವುದು ಒಂದೇ ಮಾತು: "ನಿಮ್ಮ ಕಾಲದಾಗ ಹೆಂಗಿತ್ತರಿ ಬಾಯಾರ?" ನಾನು ಹೇಳುತ್ತೇನೆ. ಹೇಳುತ್ತ ಹೇಳುತ್ತ ನನಗೇ ಅನುಮಾನ ಬರುತ್ತದೆ. ಹೋದ ಸಲ ಇದೇ ಸಂಗತಿ ಹೇಳುವಾಗ ಅದರೊಳಗೆ ಮಳೆ ಬರುತ್ತಿತ್ತು. ಈ ಸಲ ಬಿಸಿಲಿದೆ. ಹೋದ ಸಲ ನಾನು ಜಾಣೆಯಾಗಿದ್ದೆ. ಈ ಸಲ ಇನ್ನಷ್ಟು ಜಾಣೆಯಾಗಿದ್ದೇನೆ. ಹೀಗೇ ಬಿಟ್ಟರೆ ಇನ್ನು ಕೆಲವು ವರ್ಷಗಳಲ್ಲಿ ನಾನು ತಪ್ಪೇ ಮಾಡದವಳಾಗಿಬಿಡುತ್ತೇನೆ ಎಂಬ ಹೆದರಿಕೆಯಿಂದ ಬರೆಯಲು ಕೂತಿದ್ದೇನೆ. ಬರೆದರೆ ಹವಾಮಾನವಾದರೂ ಒಂದೇ ಇರುತ್ತದೆ.

ಬಡ್ತಿ, ಶಾಲು, ಹಾರ ಇವನ್ನು ಬಿಡುತ್ತೇನೆ. ಅವು ಎಲ್ಲರಿಗೂ ಒಂದೇ ಥರ ಬರುತ್ತವೆ.

ನಾನು ಇಳಕಲ್ಲಿನ ನೇಕಾರರ ಮನೆಯವಳು. ಅಪ್ಪ ಕೈಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವನು ಊಟಕ್ಕಷ್ಟೇ ಮೇಲೆ ಬರುತ್ತಿದ್ದ. ಬಾದಾಮಿಯ ಬನಶಂಕರಿ ನಮ್ಮ ಮನೆದೇವರು. ನನಗೆ ಅವಳದೇ ಹೆಸರು. ಮನೆಯಲ್ಲಿ ಶಂಕ್ರವ್ವ, ದವಾಖಾನೆಯಲ್ಲಿ ಶಂಕ್ರಮ್ಮ, ಹಳ್ಳಿಗಳಲ್ಲಿ ಬರೀ ಬಾಯಾರು. ಎಪ್ಪತ್ತರ ದಶಕದ ಮೊದಲಿಗೆ ತರಬೇತಿ ಮುಗಿಸಿ ಕಮತಗಿ ಹತ್ತಿರದ ಒಂದು ಹಳ್ಳಿಗೆ ಬಂದೆ.

ಮೊದಲನೆಯ ಹೆರಿಗೆಗೆ ಹೋದಾಗ ಹೆರಿಗೆಯ ಚೀಲವನ್ನು ಬಸ್ಸಿನಲ್ಲೇ ಬಿಟ್ಟು ಇಳಿದೆ. ಬಸ್ಸು ಬಾಗಲಕೋಟೆಗೆ ಹೋಯಿತು. ನಾನು ಬಿಳಿ ಸೀರೆ ಉಟ್ಟುಕೊಂಡು, ತಲೆ ಎತ್ತಿಕೊಂಡು, ಬರಿಗೈಯಲ್ಲಿ ಆ ಮನೆಯ ಹೊಸ್ತಿಲು ದಾಟಿದೆ. ಒಳಗೆ ಹೋಗಿ ಕತ್ತರಿಗಾಗಿ ಪಕ್ಕಕ್ಕೆ ಕೈ ಚಾಚಿದಾಗಲೇ ಚೀಲವಿಲ್ಲ ಎಂದು ತಿಳಿದದ್ದು. ಆ ಮನೆಯ ಅಜ್ಜಿ ನನ್ನ ಮುಖ ನೋಡಿ, "ಏನ್ ಬೇಕವ್ವಾ, ಹೇಳು. ಸಾಲ್ಯಾಗ ಕಲಿತದ್ದು ಮರತಿ ಏನು?" ಎಂದಳು. ಹೊಸ ಬ್ಲೇಡು ತರಿಸಿ ದಾರದ ಜೊತೆ ಕುದಿಸಿದೆವು. ಕೂಸು ಚೆನ್ನಾಗಿ ಹುಟ್ಟಿತು. ಮಧ್ಯಾಹ್ನ ಅದೇ ಬಸ್ಸು ತಿರುಗಿ ಬಂದಾಗ ಕಂಡಕ್ಟರ್ ಚೀಲ ಇಳಿಸಿಕೊಟ್ಟ. ಹೆರಿಗೆಯ ಚೀಲ, ಮುಟ್ಟಿದರೆ ಮೈಲಿಗೆಯೋ ಪುಣ್ಯವೋ ತಿಳಿಯದೆ ಅದರ ಮೇಲೆ ಒಂದು ಲಿಂಬೆಹಣ್ಣು ಇಟ್ಟಿದ್ದ.

ನಿಮಗೆ ಈಗ ಪೊಟ್ಟಣ ಹರಿದರೆ ಸೂಜಿ, ಪೊಟ್ಟಣ ಹರಿದರೆ ಬ್ಲೇಡು. ನಮಗೆ ಗಾಜಿನ ಸಿರಿಂಜು. ಸ್ಟೋವಿನ ಮೇಲೆ ಕುದಿಸಬೇಕು, ಆರಬೇಕು, ಜೋಡಿಸಬೇಕು. ಅವಸರ ಮಾಡಿದರೆ ಕೈಯಲ್ಲೇ ಚಟ್ ಎನ್ನುತ್ತಿತ್ತು. ಸೂಜಿ ಮೊಂಡಾದರೆ ಕಲ್ಲಿಗೆ ಮಸೆಯುತ್ತಿದ್ದೆವು. ಕೂಸಿನ ಎದೆಬಡಿತ ಕೇಳಲು ಕಟ್ಟಿಗೆಯ ಕೊಳವೆ: ಒಂದು ತುದಿ ಬಸುರಿಯ ಹೊಟ್ಟೆಗೆ, ಇನ್ನೊಂದು ತುದಿ ನಮ್ಮ ಕಿವಿಗೆ. ಇದನ್ನೆಲ್ಲ ಹೊಗಳಿ ಹೇಳುವ ಹಳಬರನ್ನು ನಂಬಬೇಡಿರಿ. ಪೊಟ್ಟಣವೇ ಒಳ್ಳೆಯದು. ಆದರೆ ಆ ಕೊಳವೆಗೆ ಕಿವಿ ಇಟ್ಟಾಗ ಬಾಗಲೇಬೇಕಾಗುತ್ತಿತ್ತು, ಎಷ್ಟು ದೊಡ್ಡವಳಾದರೂ. ಅದೊಂದು ನೆನಪಾಗುತ್ತದೆ.

ನನ್ನ ಮೇಲಿನವರು ಮೇರಿಬಾಯಿ. ಇಡೀ ತಾಲೂಕಿನ ನರ್ಸುಗಳನ್ನು ನೋಡಿಕೊಳ್ಳುವ ಹೆಲ್ತ್ ವಿಜಿಟರ್. ಗಿಡ್ಡ ಆಳು, ದಪ್ಪ ಕನ್ನಡಕ, ಕೈಯಲ್ಲಿ ಛತ್ರಿ. ನನ್ನ ಉಗುರು ನೋಡದೆ ನನ್ನ ಮುಖ ನೋಡಿದವರಲ್ಲ. ಕೈ ತೊಳೆಯುವ ಮೊದಲು ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದರು. ಏನು ಬೇಡಿಕೊಳ್ಳುತ್ತಾರೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಹೆರಿಗೆ ಸಸೂತ್ರವಾಗಿ ಮನೆಮಂದಿ ಕಾಲಿಗೆ ಬೀಳಲು ಬಂದರೆ ಛತ್ರಿಯನ್ನು ಅಡ್ಡ ಹಿಡಿಯುತ್ತಿದ್ದರು. "ಮ್ಯಾಲಿನಾವಗ ಹೇಳ್ರಿ. ನನಗ ಚಾ ಕೊಡ್ರಿ." ಇದು ಅವರ ಕಾಯಂ ಮಾತು. ನನಗೆ ಆಗ ಅದು ಒರಟುತನವಾಗಿ ಕಂಡಿತ್ತು. ಜನ ಪ್ರೀತಿಯಿಂದ ಬರುತ್ತಾರೆ, ಛತ್ರಿ ಯಾಕೆ ಅಡ್ಡ?

ಆಮೇಲೆ ಕಮತಗಿಯ ಆ ಕೂಸು ಹುಟ್ಟಿತು. ಕಾಳಿನ ವ್ಯಾಪಾರಿಯೊಬ್ಬರ ಮಗಳು ಹಡೆಯಲು ತವರಿಗೆ ಬಂದಿದ್ದಳು. ಕೂಸು ಅಳಲಿಲ್ಲ. ನೀಲಿಯಾಗಿತ್ತು. ಅಂಗಾಲು ತಟ್ಟಿದೆ, ಬಾಯಿ ಒರೆಸಿದೆ, ಬೆನ್ನು ತಿಕ್ಕಿದೆ. ಕೊನೆಗೆ ಅದರ ಬಾಯಿ ಮೂಗಿನ ಮೇಲೆ ನನ್ನ ಬಾಯಿಟ್ಟು ಸಣ್ಣಗೆ ಊದಿದೆ, ಮತ್ತೆ ಊದಿದೆ. ಹೊರಗೆ ಅಳು ಶುರುವಾಗಿತ್ತು, ದೊಡ್ಡವರದು. ಆಗ ಕೂಸು ಬಿಕ್ಕಿತು. ಇಷ್ಟನ್ನೂ ತರಬೇತಿಯಲ್ಲಿ ಕಲಿಸಿದ್ದರು. ನನ್ನ ಜೊತೆಗೆ ಕಲಿತ ಯಾವಳಿದ್ದರೂ ಇದನ್ನೇ ಮಾಡುತ್ತಿದ್ದಳು. ಆದರೆ ವ್ಯಾಪಾರಿ ಸಂತೆಸಂತೆಗೆ ಹೋಗುವ ಮನುಷ್ಯ. ಅವರ ಬಾಯಲ್ಲಿ ಕೂಸು ಸತ್ತು ಬದುಕಿತು. ಅಮೀನಗಡದ ಸಂತೆಗೆ ಬರುವಷ್ಟರಲ್ಲಿ ಹೂಳಲು ಗುದ್ದು ತೋಡಿಯೂ ಆಗಿತ್ತು.

ಹುನಗುಂದದಿಂದ ಕೂಡಲಸಂಗಮದ ಕಡೆಗಿನ ಒಂದು ಊರಿಗೆ ನನಗೆ ವರ್ಗವಾದಾಗ ನಾನು ಬಸ್ಸಿನಿಂದ ಇಳಿಯುವ ಮೊದಲೇ ನನ್ನ ಕೈಗುಣ ಇಳಿದಿತ್ತು. ಅಲ್ಲಿ ಸಣ್ಣ ದವಾಖಾನೆ. ಡಾಕ್ಟರು ಹುನಗುಂದದಿಂದ ವಾರಕ್ಕೊಮ್ಮೆ ಬರುವವರು. ಉಳಿದ ದಿನ ನಾನೇ. ಒಂದರ ಹಿಂದೆ ಒಂದು ಹೆರಿಗೆ ಒಳ್ಳೆಯದಾಗುತ್ತ ಹೋಯಿತು. ಯಾಕೆ ಆಯಿತೋ ನನಗೆ ಗೊತ್ತಿಲ್ಲ. ಕಷ್ಟದ್ದೆನಿಸಿದ್ದನ್ನು ಮೊದಲೇ ಹುನಗುಂದಕ್ಕೋ ಬಾಗಲಕೋಟೆಗೋ ಕಳಿಸುತ್ತಿದ್ದೆ, ಅದೂ ಒಂದು ಕಾರಣವಿರಬೇಕು. ಜನ ಅದನ್ನು ಎಣಿಕೆಗೆ ಹಿಡಿಯಲಿಲ್ಲ. ನಾಲ್ಕೈದು ವರ್ಷದಲ್ಲಿ ಆ ಊರಿನ ಓಣಿಯಲ್ಲಿ ನಿಂತು "ಶಂಕ್ರವ್ವಾ" ಎಂದರೆ ಅರ್ಧ ಹುಡುಗಿಯರು ತಿರುಗಿ ನೋಡುತ್ತಿದ್ದರು.

ನಾನು ದೇವರನ್ನು ಬಿಟ್ಟಿರಲಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಗೋಡೆಯ ಮೇಲೆ ಬನಶಂಕರಿಯ ಪಟವಿತ್ತು, ದಿನಾ ಊದುಬತ್ತಿ ಹಚ್ಚುತ್ತಿದ್ದೆ. ಆದರೆ ಮೊದಮೊದಲು ಪಟದ ಮುಂದೆ ನಿಂತು ಬೇಡಿಕೊಳ್ಳುತ್ತಿದ್ದವಳು ಆಮೇಲೆ ವರದಿ ಒಪ್ಪಿಸತೊಡಗಿದ್ದೆ. ಅವ್ವಾ, ಇವತ್ತು ಎರಡು. ಅವ್ವಾ, ಇವತ್ತಿಂದು ಕಾಲು ಮುಂದಾಗಿ ಬಂದಿತ್ತು, ಆದರೂ ತೆಗೆದೆ. ಯಾವಾಗ ಹೀಗೆ ಬದಲಾಯಿತು? ಹುಡುಕಿದರೆ ಸಿಗುವುದಿಲ್ಲ. ಹಾಲು ಹೆಪ್ಪಾಗುವುದನ್ನು ಯಾರೂ ಕೂತು ನೋಡಿರುವುದಿಲ್ಲ.

ಎಣ್ಣೆಯ ಸಂಗತಿ ಹೇಗೆ ಶುರುವಾಯಿತೆಂಬುದಕ್ಕೂ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ, ಬೆನ್ನು ಸೆಳೆತವಿದ್ದ ಬಸುರಿಗೆ ನಾನೇ ಹರಳೆಣ್ಣೆ ತಿಕ್ಕಿ, ಉಳಿದದ್ದನ್ನು ಮನೆಗೆ ಕಳಿಸಿದೆ. ಇನ್ನೊಂದರಲ್ಲಿ, ಒಬ್ಬ ಮುದುಕಿ ಮುಂಜಾನೆ ಬಾಟಲಿ ಹಿಡಿದುಕೊಂಡು ದವಾಖಾನೆಯ ಕಟ್ಟೆಗೆ ಬಂದಳು.

"ಬಾಯಾರ, ಇದಕ್ಕ ನಿಮ್ಮ ಕೈ ಮುಟ್ಟಿಸಿ ಕೊಡ್ರಿ."

"ಯಾಕವ್ವಾ?"

"ಸೊಸಿಗೆ ದಿನಾ ತುಂಬ್ಯಾವ. ನೀವು ಇಲ್ಲದಾಗ ಬ್ಯಾನಿ ಬಂದ್ರ ಹಚ್ಚಾಕ."

"ನಾ ಇಲ್ಲಂದ್ರ ಹುನಗುಂದದಾಗ ದೊಡ್ಡ ದವಾಖಾನಿ ಐತೆಲ್ಲ."

"ದವಾಖಾನಿಗೆ ಕೈ ಎಲ್ಲಿಂದ ಬರಬೇಕ್ರಿ?" ಎಂದಳು.

ಎರಡನೆಯದನ್ನೇ ನಾನು ಎಲ್ಲರಿಗೂ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ಮುದುಕಿಯ ಮಾತು ಚೆನ್ನಾಗಿದೆ. ಮೊದಲನೆಯದು ನಿಜವಿರಬಹುದು. ಏನೇ ಇರಲಿ, ಬೆರಳು ಅದ್ದಿ ಕೊಟ್ಟೆ. ಎಣ್ಣೆಯಿಂದ ಏನಾಗುತ್ತದೆ? ಬಡವರ ಸಮಾಧಾನ. ಆಮೇಲೆ ಬಾಟಲಿಗಳು ಬರತೊಡಗಿದವು. ದವಾಖಾನೆಯ ಕಿಟಕಿಯಲ್ಲಿ ಸಾಲಾಗಿ ನಿಲ್ಲುತ್ತಿದ್ದವು.

ಮೇರಿಬಾಯಿ ತಪಾಸಣೆಗೆ ಬಂದವರು ಛತ್ರಿಯ ತುದಿಯಿಂದ ಒಂದು ಬಾಟಲಿಯನ್ನು ತೋರಿಸಿದರು. "ಶಂಕ್ರಮ್ಮ, ಇದ್ಯಾವ ಔಷಧಿ? ನನಗ ಗೊತ್ತಿಲ್ಲದ್ದು?"

"ಔಷಧಿ ಅಲ್ರಿ. ಜನ ನಂಬ್ಯಾರ."

"ಯಾರನ್ನ?"

"ದೇವರನ್ನರಿ."

"ಹಂಗಾರ ಇದು ದೇವರು ಕೈ ಮುಟ್ಟಿಸಿದ ಎಣ್ಣಿ ಏನು?"

ನಾನು ಬಾಟಲಿಗಳನ್ನು ಕಿಟಕಿಯ ಮೂಲೆಗೆ ಸರಿಸಿದೆ. ಅವರು ಮುಂದಕ್ಕೆ ಕೇಳಲಿಲ್ಲ. ನನ್ನ ಉಗುರು ನೋಡಿದರು, ಚಹಾ ಕುಡಿದರು, ಹೋದರು. ಅದು ಅವರ ನೌಕರಿಯ ಕೊನೆಯ ವರ್ಷ. ಆ ಮಾತು ನನಗೆ ಮುಳ್ಳಿನಂತೆ ಹತ್ತಿತೆಂದು ಬರೆಯಬಹುದು. ಹತ್ತಲಿಲ್ಲ. ನನಗೆ ಸಿಟ್ಟು ಬಂದಿತ್ತು, ಅಷ್ಟೇ.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ನಮ್ಮ ದವಾಖಾನೆಗೆ ಇನ್ನೊಬ್ಬ ನರ್ಸನ್ನು ಕೊಟ್ಟರು. ಶಾರದಾ, ಬಾಗಲಕೋಟೆಯ ಹುಡುಗಿ. ಚುರುಕು, ಬಾಯಿಯೂ ಚುರುಕು. ಬಂದ ದಿನವೇ ಕಿಟಕಿ ನೋಡಿ, "ಬಾಯಾರ, ಎಣ್ಣಿ ಅಂಗಡಿ ಇಟ್ಟೀರೇನ್ರಿ?" ಎಂದಳು. ಕೆಲಸ ನನಗಿಂತ ಹೊಸ ರೀತಿಯದು, ಚೊಕ್ಕಟ. ಆದರೆ ಅವಳನ್ನು ಒಂದು ಮನೆಯೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಸೂಜಿ ಹಾಕಿಸಿಕೊಳ್ಳುವರು, ಗುಳಿಗೆ ಇಸಿದುಕೊಳ್ಳುವರು. ಹೆರಿಗೆಯೆಂದರೆ "ದೊಡ್ಡ ಬಾಯಾರ ಬರಲಿ" ಎನ್ನುವರು. ನಾನು ಅವಳನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದೆ. ಚೀಲ ಹಿಡಿಯುತ್ತಿದ್ದಳು. ನೀರು ಕಾಯಿಸುತ್ತಿದ್ದಳು. "ನಾ ಕಲಿತದ್ದು ನೀರು ಕಾಸೂದೇನ್ರಿ?" ಎಂದು ಒಮ್ಮೆ ಕೇಳಿದಳು. "ಕಾಯಿ, ನಿನಗೂ ಕಾಲ ಬರ್ತೈತಿ" ಎಂದೆ. ಹಾಗೆಂದಾಗ ನನ್ನ ದನಿಯಲ್ಲಿ ಒಂದು ತೂಕವಿತ್ತು. ಅದು ಮಾತ್ರ ನನಗೆ ಸರಿಯಾಗಿ ನೆನಪಿದೆ, ಯಾಕೆಂದರೆ ಆ ದನಿ ನನಗೆ ಹಿಡಿಸಿತ್ತು.

ಅಷ್ಟರಲ್ಲಿ ಇಳಕಲ್ಲಿಗೆ ಹೋದಾಗ ಅವ್ವ ಬೈದಳು. "ಹೆಸರು ಆಕೀದು ಹೊತ್ತೀದಿ. ಬನಶಂಕರಿಗೆ ಹೋಗಿ ಎಷ್ಟು ವರ್ಷ ಆತು? ಊರಾಗಿನ ಹೆಂಗಸರಿಗೆಲ್ಲ ಪುರಸೊತ್ತು ಐತಿ, ಆಕಿಗೆ ಇಲ್ಲ." ಅಪ್ಪ ನೇಯ್ದ ಒಂದು ಸೀರೆ ಕೊಟ್ಟು, ಅಮ್ಮನವರಿಗೆ ಉಡಿಸಿ ಬಾ ಎಂದಳು. ಒಂದು ದಿನದ ರಜೆ ಹಾಕಿ, ದವಾಖಾನೆ ಶಾರದಾಗೆ ಒಪ್ಪಿಸಿ, ಮುಂಜಾನೆಯ ಬಸ್ಸಿಗೆ ಬಾದಾಮಿಗೆ ಹೋದೆ.

ಬನಶಂಕರಿಯ ಗುಡಿಯ ಮುಂದೆ ಬುಟ್ಟಿಯಲ್ಲಿ ಜೋಳದ ರೊಟ್ಟಿ, ಚಟ್ನಿ, ಗಡಿಗೆಯ ಮೊಸರು ಇಟ್ಟುಕೊಂಡು ಹೆಂಗಸರು ಕೂತಿರುತ್ತಾರೆ. ಅವರನ್ನು ದಾಟಿ ಪಾಳಿಯಲ್ಲಿ ನಿಂತಿದ್ದೆ. ಸೀರೆ ಮತ್ತು ತೆಂಗಿನಕಾಯಿ ಚೀಲದಲ್ಲಿದ್ದವು. ಆಗ ಹಿಂದಿನಿಂದ ಯಾರೋ ಕೂಗಿದರು. ನಮ್ಮ ಊರಿನ ಮಲ್ಲಪ್ಪ. ಮೈಯೆಲ್ಲ ಧೂಳು. ಅವನ ಹೆಂಡತಿ ಗಂಗವ್ವ ಚೊಚ್ಚಲ ಬಸುರಿ. ದಿನ ತುಂಬಿದ್ದು ನನಗೆ ಗೊತ್ತಿತ್ತು.

"ಬಾಯಾರ, ಲಗೂ ಬರ್ರಿ. ನಡುರಾತ್ರಿಯಿಂದ ಬ್ಯಾನಿ ತಿನ್ನಾಕತ್ತಾಳ. ಕೂಸು ಬರವಲ್ದು."

"ಶಾರದಾ ಇದ್ದಾಳಲ್ಲ?"

"ಅವ್ವ ಆಕಿನ್ನ ಒಳಗ ಬಿಡವಲ್ಲಳ್ರಿ. ನೀವ ಬೇಕಂತ."

ನಾನು ಪಾಳಿಯಲ್ಲಿ ಮುಂದೆ ನೋಡಿದೆ, ಹಿಂದೆ ನೋಡಿದೆ. ರೊಟ್ಟಿ ಮಾರುವವಳೊಬ್ಬಳು ನಮ್ಮ ಮಾತು ಕೇಳಿಸಿಕೊಂಡಿದ್ದಳು. "ಹೋಗವ್ವಾ. ಬನಶಂಕರಿ ಎಲ್ಲಿ ಓಡಿ ಹೋಗತಾಳು? ಆಕಿ ಇಲ್ಲೇ ಇರತಾಳ" ಎಂದಳು.

ಇಲ್ಲಿ ನಾನು ಒಳಗೆ ಹೋಗಿ ಅಮ್ಮನವರ ಮುಖ ನೋಡಿ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಬೆಳ್ಳಿಯ ಕಣ್ಣು, ಕರಿಯ ಮುಖ, ಹಣೆಯ ಕುಂಕುಮ. ಆದರೆ ಆ ದಿನ ಊರಿಗೆ ಬಂದಾಗ ನನ್ನ ಚೀಲದಲ್ಲಿ ಸೀರೆ ಮಡಿಕೆ ಬಿಚ್ಚದೆ ಇತ್ತು, ಕಾಯಿ ಒಡೆದಿರಲಿಲ್ಲ ಎಂದು ಶಾರದಾ ಆಣೆ ಮಾಡಿ ಹೇಳುತ್ತಾಳೆ. ಹಾಗಿದ್ದರೆ ನಾನು ಒಳಗೆ ಹೋಗಿರಲಿಕ್ಕಿಲ್ಲ. ನೋಡಿದ್ದು ಬೇರೆ ಯಾವ ವರ್ಷದ ಮುಖವೋ. ಈ ಒಂದು ವಿಷಯದಲ್ಲಿ ನಾನು ಶಾರದಾಳನ್ನೇ ನಂಬುತ್ತೇನೆ.

ಮಲ್ಲಪ್ಪ ಯಾರದೋ ಫಟಫಟಿ ತಂದಿದ್ದ. ಹಿಂದೆ ಕೂತೆ. ಗುಳೇದಗುಡ್ಡ ದಾಟಿದ ಮೇಲೆ ನನಗೆ ಒಂದು ವಿಚಾರ ಹೊಳೆಯಿತು. ಗಾಳಿಯಲ್ಲಿ ಕೂಗಿ ಕೇಳಿದೆ.

"ಮಲ್ಲಪ್ಪಾ, ಹುನಗುಂದದ ದವಾಖಾನಿ ಮುಂದಿಂದನ ಬಂದ್ಯೇನು?"

"ಹೌದ್ರಿ."

"ಆಕಿನ್ನ ಅಲ್ಲಿಗೆ ಯಾಕ ಕರಕೊಂಡು ಬರಲಿಲ್ಲ?"

"ನಿಮ್ಮ ಎಣ್ಣಿ ಹಚ್ಚೇವಲ್ರಿ" ಎಂದ, ಸಮಾಧಾನದಿಂದ. "ಮುಂಜಾನಿ ಒಮ್ಮೆ ಹಚ್ಚೇವಿ, ಮತ್ತೊಮ್ಮೆ ಹಚ್ಚೇವಿ. ಅದಕ್ಕ ಧೈರ್ಯ ಮಾಡಿ ನಿಂತೇವಿ."

ಮನೆಯ ಹತ್ತಿರವೇ ಡಾಕ್ಟರರಿದ್ದ ದವಾಖಾನೆ. ಅದನ್ನು ದಾಟಿ, ಊರೂರು ದಾಟಿ, ಇವನು ನನ್ನನ್ನು ಹುಡುಕಿ ಬಂದಿದ್ದ. ಅಷ್ಟು ಹೊತ್ತು ಅವಳು ಮನೆಯಲ್ಲಿ ನೋವು ತಿನ್ನುತ್ತಿದ್ದಳು. ಎಣ್ಣೆಯಿಂದ ಏನಾಗುತ್ತದೆ ಎಂದು ನಾನು ಕೇಳಿಕೊಂಡಿದ್ದೆನಲ್ಲ, ಇದು ಆಗುತ್ತದೆ. ದಾರಿಯಲ್ಲಿ ಹುನಗುಂದದ ದವಾಖಾನೆಗೆ ಇಳಿದು ಡಾಕ್ಟರಿಗೆ ಹೇಳಿದೆ. ಜೀಪು ಕ್ಯಾಂಪಿಗೆ ಹೋಗಿತ್ತು. ಬಂದ ಕೂಡಲೇ ಕಳಿಸುತ್ತೇನೆ, ನೀವು ನಡೆಯಿರಿ ಎಂದರು.

ಮನೆಯಂಗಳದಲ್ಲಿ ಬಿಸಿಲಲ್ಲಿ ಶಾರದಾ ನಿಂತಿದ್ದಳು. ಸೆರಗು ನಡುವಿಗೆ ಸಿಕ್ಕಿಸಿ, ಎರಡೂ ಕೈ ಮೇಲೆತ್ತಿಕೊಂಡು. ಪಕ್ಕದಲ್ಲಿ ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು.

"ಮುಂಜಾನಿಯಿಂದ ಕೈ ತೊಳಕೊಂಡು ನಿಂತೇನ್ರಿ. ಒಣಗತಾವು, ಮತ್ತ ತೊಳಿತೇನಿ" ಎಂದಳು. ಅಳುವಿಗೆ ಹತ್ತಿರದ ಸಿಟ್ಟು. "ಉಚ್ಚಿ ಕಟ್ಟೈತ್ರಿ ಆಕಿಗೆ. ಬಾಗಿಲದಾಗಿಂದನ ಕಾಣ್ತೈತಿ, ಕಿಬ್ಬೊಟ್ಟಿ ಉಬ್ಬಿ ಕುಂತೈತಿ. ಕೂಸಿಗೆ ದಾರಿ ಇಲ್ಲ. ರಬ್ಬರ ನಳಿಗಿ ಕುದಿಸಿ ಇಟ್ಟೇನಿ. ಅಷ್ಟ ಮಾಡಿದ್ರ ಸಾಕ್ರಿ, ಮುಟ್ಟಗೊಡವಲ್ರು."

ಮಲ್ಲಪ್ಪನ ತಾಯಿ ನೀಲವ್ವ ಹೊಸ್ತಿಲಲ್ಲಿ ಕೂತಿದ್ದಳು, ದಾರಿಗೆ ಅಡ್ಡ. ನನ್ನನ್ನು ನೋಡಿ ಎದ್ದಳು. "ಬಂದಿರೇನವ್ವಾ. ಇನ್ನ ನನಗ ಚಿಂತಿ ಇಲ್ಲ. ನೀವು ಕೈ ಹಚ್ರಿ, ಆಕಿ ಹಡೀತಾಳ."

ಒಳಗೆ ಹೋಗಿ ಬಗ್ಗಿ, ಶಾರದಾ ತಂದಿದ್ದ ಕೊಳವೆಗೆ ಕಿವಿ ಇಟ್ಟೆ. ಕೂಸಿನ ಎದೆಬಡಿತ ನಿಧಾನವಾಗಿತ್ತು. ಕೂಸಿಗೆ ಕಾಯುವ ಶಕ್ತಿ ಉಳಿದಿರಲಿಲ್ಲ. ಶಾರದಾ ಹೇಳಿದ್ದು ಸರಿಯಿತ್ತು. ಮೂಲೆಯಲ್ಲಿ ನನ್ನ ಬಾಟಲಿ, ಅರ್ಧ ಖಾಲಿ.

ನನ್ನ ನೆನಪಿನಲ್ಲಿ ನಾನು ಹೀಗೆ ಮಾಡಿದೆ: ಕೈ ಕಟ್ಟಿ ಹಿಂದೆ ಸರಿದೆ. "ಶಾರದಾ, ಒಳಗ ಬಾ. ನೀ ಮಾಡು" ಎಂದೆ. ನಾನೇ ಮಾಡಿದರೆ ಗಂಗವ್ವ ಬದುಕಿಯಾಳು, ಆದರೆ ಮುಂದಿನವಳು ಇನ್ನೂ ದೂರದವರೆಗೆ ನನಗಾಗಿ ಕಾಯ್ದು ಸತ್ತಾಳು. ಆದ್ದರಿಂದ ಇದು ನನ್ನ ಕೈಯಿಂದ ಆಗಬಾರದು ಎಂದು ತಿಳಿದು ಹಾಗೆ ಮಾಡಿದೆ. ಒಳ್ಳೆಯ ನೆನಪು. ಇಂಥ ನೆನಪಿನ ಮೇಲೆ ಶಾಲು ಹೊದಿಸಬಹುದು.

ಶಾರದಾಳ ನೆನಪು ಬೇರೆ. "ನೀವು ಏನೂ ಅನ್ನಲಿಲ್ರಿ. ನಿಮ್ಮ ಕೈ ಧೂಳಾಗಿದ್ದು. ಕೈ ನೋಡಕೋತ ನಿಂತ್ರಿ. ತೊಳಕೊಳ್ಳಾಕ ಹೊತ್ತಿರಲಿಲ್ಲ. ನನ್ನವು ತೊಳದಿದ್ದು. ಅಷ್ಟ."

ಎರಡರಲ್ಲಿ ಯಾವುದು ನಿಜವೆಂದು ನನಗೆ ಹೇಳಲು ಬರುವುದಿಲ್ಲ. ಇಬ್ಬರಿಗೂ ಒಪ್ಪಿಗೆಯಾದದ್ದು ಒಂದೇ. ನೀಲವ್ವ ಶಾರದಾಳ ತೋಳು ಹಿಡಿದು, "ಏ ಹುಡುಗಿ, ನೀ ಸರಿ" ಎಂದಾಗ, ಅಲ್ಲಿಯವರೆಗೆ ಯಾರೂ ಮಾತು ಕೇಳದಿದ್ದ ಗಂಗವ್ವ ಹಾಸಿಗೆಯಿಂದ ತಲೆಯೆತ್ತಿದಳು. ತುಟಿ ಒಡೆದಿದ್ದವು.

"ಅತ್ತೀ, ಸುಮ್ಮನಿರ್ರಿ. ಹಡಿಯಾಕಿ ನಾನು. ಯಾರರೆ ಮುಟ್ರವ್ವಾ, ನನ್ನ ಜೀವ ಹೊಂಟೈತಿ."

ನೀಲವ್ವನ ಕೈ ಸಡಿಲಾಯಿತು. ಶಾರದಾ ಮತ್ತೊಮ್ಮೆ ಕೈಗೆ ನೀರು ಹುಯ್ಯಿಸಿಕೊಂಡು ಬಂದು ಕೂತಳು. ನಳಿಗೆ ಹಾಕಿದಳು, ಮೂತ್ರ ಹರಿದು ಹೊಟ್ಟೆ ಇಳಿಯಿತು. ಗಂಗವ್ವ ಒಂದು ಉಸಿರು ಬಿಟ್ಟಳು. ಅಂಥ ಉಸಿರನ್ನು ನಾನು ಮೊದಲು ಕೇಳಿರಲಿಲ್ಲ. ನಾಲ್ಕಾರು ನೋವಿನಲ್ಲಿ ತಲೆ ಬಂತು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತು. ಅವಳು ಅವಸರ ಮಾಡದೆ ಸರಿಸಿದಳು. ನನ್ನ ಬೆರಳುಗಳು ನನ್ನನ್ನು ಕೇಳದೆ ಅಲುಗುತ್ತಿದ್ದವು, ಆ ಬಳ್ಳಿಯನ್ನು ತಾವೇ ಸರಿಸುತ್ತಿರುವಂತೆ. ಕೂಸು ಸಪ್ಪಗಿತ್ತು. ಶಾರದಾ ಅದರ ಬಾಯಿ ಒರೆಸಿ, ಅಂಗಾಲು ತಟ್ಟಿದಳು. ನಾನು ಆಗ ಬೇಡಿಕೊಂಡೆ. ವರದಿಯಲ್ಲ, ಬೇಡಿಕೆ. ಏನೆಂದು ಬೇಡಿಕೊಂಡೆ? ಕೂಸು ಬದುಕಲಿ ಎಂದೆನೆಂದು ನಂಬಲು ಇಷ್ಟಪಡುತ್ತೇನೆ. ಇವಳ ಕೈಯಲ್ಲಿ ಕೂಸು ಹೋದರೆ ಇವಳನ್ನು ಈ ಊರು ಇನ್ನೆಂದೂ ಮುಟ್ಟಗೊಡುವುದಿಲ್ಲ ಎಂಬುದೂ ಅದರಲ್ಲಿತ್ತು. ಬೇರೆ ಏನಾದರೂ ಇತ್ತೇ ಎಂದು ಕೆದಕಲು ಹೋಗುವುದಿಲ್ಲ. ಕೂಸು ಅತ್ತಿತು. ಗಂಡು.

ನಾನು ಮೂಲೆಯ ಬಾಟಲಿ ತೆಗೆದುಕೊಂಡು ದೇವರ ಗೂಡಿನ ದೀಪಕ್ಕೆ ಸುರಿದೆ. "ನೀಲವ್ವಾ, ಈ ಎಣ್ಣಿ ಇಲ್ಲಿಗೆ ಸೇರಿದ್ದು. ಹಡಿಸಿದಾಕಿ ಶಾರದಾ. ನಾ ಮುಟ್ಟಲಿಲ್ಲ, ನೀನ ನೋಡೀದಿ."

ನೀಲವ್ವ ನನ್ನನ್ನು ಕನಿಕರದಿಂದ ನೋಡಿದಳು. "ಮುಟ್ಟೂದು ಯಾಕವ್ವಾ ಬೇಕು? ನೀವು ಬಾಗಿಲದಾಗ ನಿಂತ್ರಿ. ನಿಮ್ಮ ದೃಷ್ಟಿ ಬಿತ್ತು, ಕೂಸು ಬಂತು."

ಸಂಜೆಯೊಳಗೆ ಊರಿಗೆಲ್ಲ ಅದೇ ಸುದ್ದಿಯಾಯಿತು. ಮೊದಲು ನನ್ನ ಕೈ ಸಾಕಿತ್ತು. ಈಗ ಕಣ್ಣೇ ಸಾಕಾಗಿತ್ತು. ಕಡೆಗೆ ಬಂದ ಜೀಪಿನ ಡಾಕ್ಟರು ತಾಯಿ ಮಗುವನ್ನು ನೋಡಿ, "ಎಲ್ಲಾ ಚಲೋ ಐತಿ, ಯಾರು ಮಾಡಿದ್ರು?" ಎಂದರೆ ನಾಲ್ಕು ಹೆಂಗಸರು ನನ್ನ ಕಡೆ ಬೊಟ್ಟು ಮಾಡಿದರು. ಶಾರದಾ ನೆಲ ನೋಡಿದಳು.

ಹುಡುಗಿಯರೇ, ಅಹಂಕಾರ ಬಿಡಿರಿ ಎಂದು ನಿಮಗೆ ಎಲ್ಲರೂ ಹೇಳುತ್ತಾರೆ. ನಾವು ಬಿಟ್ಟರೂ ಊರು ಅದನ್ನು ನಮ್ಮ ಪರವಾಗಿ ಹಿಡಿದುಕೊಂಡು ನಿಂತಿರುತ್ತದೆ, ಕಾಯಾ ವಾಚಾ ಮನಸಾ. ಅದನ್ನು ಯಾರೂ ಹೇಳುವುದಿಲ್ಲ.

ನಾನು ಮಾಡಿದ್ದಿಷ್ಟು. ಕಿಟಕಿಯ ಬಾಟಲಿಗಳನ್ನೆಲ್ಲ ತಿರುಗಿ ಕೊಟ್ಟೆ. ನಿಮ್ಮ ನಿಮ್ಮ ಮನೆಯ ದೀಪಕ್ಕೆ ಹಾಕಿರಿ ಎಂದೆ. ಹೆರಿಗೆಗೆ ಕರೆಯಲು ಬಂದವರಿಗೆ, "ಶಾರದಾ ಬರತಾಳ. ನಾ ಬರಂಗಿಲ್ಲ. ಆಕಿ ಬ್ಯಾಡಂದ್ರ ಹುನಗುಂದಕ್ಕ ಹೋಗ್ರಿ" ಎಂದೆ. ಶಾರದಾಗೆ ಬೇಕಾದರೆ ಅವಳೇ ನನ್ನನ್ನು ಕರೆಯಬೇಕೆಂದು ಇಬ್ಬರೂ ಒಪ್ಪಿಕೊಂಡಿದ್ದೆವು. ಅವಳು ಎರಡು ಸಲ ಕರೆದಳು, ಹೋದೆ, ಅವಳ ಹಿಂದೆ ಕೂತು ಹೇಳಿದ್ದನ್ನು ಮಾಡಿದೆ. ನೀರೂ ಕಾಯಿಸಿದೆ.

ಊರು ಸುಮ್ಮನಿರಲಿಲ್ಲ. "ಬಾಯಾರಿಗೆ ಸೊಕ್ಕು ಬಂದೈತಿ" ಎಂದು ನೀರಿಗೆ ಹೋಗುವ ಹೆಂಗಸರು ನನಗೆ ಕೇಳಿಸುವಂತೆಯೇ ಆಡಿಕೊಂಡರು. "ದೊಡ್ಡಾಕಿ ಆಗ್ಯಾಳೀಗ. ಬಡವರ ಎಣ್ಣಿ ಮುಟ್ಟಿದ್ರ ಕೈ ಜಿಡ್ಡಾಗತಾವ." ನೀಲವ್ವ ಎದುರಿಗೇ ಕೇಳಿದಳು: "ಕೊಟ್ಟ ಗುಣ ಮುಚ್ಚಿಟ್ಟುಕೊಂಡ್ರ ದೇವರು ಮೆಚ್ಚತಾನೇನವ್ವಾ?" ಅವಳು ಕೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾನು ಹೋಗದ ಒಂದೊಂದು ಮನೆಗೂ ಜೀವವನ್ನು ಕೈಯಲ್ಲಿ ಹಿಡಿದುಕೊಂಡು ಕೂತಿರುತ್ತಿದ್ದೆ. ಅಲ್ಲಿ ಏನಾದರೂ ಕೆಟ್ಟದಾದರೆ? ನಾನಿದ್ದರೆ ಆಗುತ್ತಿರಲಿಲ್ಲ ಎಂದು ಜನ ಅನ್ನುವುದಿರಲಿ, ನಾನೇ ಅಂದುಕೊಳ್ಳುತ್ತಿದ್ದೆ. ಹಾಗೆ ಅಂದುಕೊಳ್ಳುವುದೇ ರೋಗವಲ್ಲವೇ? ಪಟದ ಮುಂದೆ ನಿಂತರೆ ಬಾಯಿಯೇ ಬರುತ್ತಿರಲಿಲ್ಲ. ನಿಂತು, ಊದುಬತ್ತಿ ಹಚ್ಚಿ, ಬರುತ್ತಿದ್ದೆ. ಇಪ್ಪತ್ತು ಮೂವತ್ತು ಹೆರಿಗೆ ಮಾಡಿದ್ದಕ್ಕಿಂತ ಒಂದು ಹೆರಿಗೆಗೆ ಹೋಗದೆ ಕೂತದ್ದು ನನಗೆ ಹೆಚ್ಚು ದಣಿವು ತಂದಿತು. ವರ್ಷದ ಮೇಲೆ ಹೀಗೆ ನಡೆಯಿತು. ಇಬ್ಬರು ಹುನಗುಂದಕ್ಕೆ ಹೋದರು, ಒಳ್ಳೆಯದೇ ಆಯಿತು. ಉಳಿದವರು, ಗೊಣಗುತ್ತ, ಶಾರದಾಳನ್ನು ಕರೆದರು. ಗಂಗವ್ವ ಕೂಸನ್ನು ಬಗಲಲ್ಲಿ ಎತ್ತಿಕೊಂಡು ಮನೆಮನೆಗೆ ಹೋಗಿ, "ನನಗ ಹಡಿಸಿದಾಕಿ ಸಣ್ಣ ಬಾಯಿ, ನಾ ಕಣ್ಣಾರೆ ನೋಡೇನಿ, ಅತ್ತಿಗೇನು ಗೊತ್ತು" ಎನ್ನುತ್ತಿದ್ದಳಂತೆ. ನಾನು ಮಾಡಿದ್ದಕ್ಕಿಂತ ಅವಳ ಆ ಮಾತೇ ಹೆಚ್ಚು ಕೆಲಸ ಮಾಡಿರಬೇಕು.

ಒಂದು ಮುಂಜಾನೆ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದೆ. ಕೆಳಗಿನ ಓಣಿಯ ಒ‍ಬ್ಬ ಗಂಡಸು ಓಡುತ್ತ ಬಂದ. ಆ ಓಟ ನನಗೆ ಗೊತ್ತು. ಹೆಂಡತಿಗೆ ನೋವು ಬಂದವನ ಓಟವನ್ನು ಬೆನ್ನಿನಿಂದಲೂ ಗುರುತಿಸುತ್ತೇನೆ. ನಾನು ಮೊರ ಪಕ್ಕಕ್ಕಿಟ್ಟೆ. ಏನು ಹೇಳಿ ಕಳಿಸಬೇಕೆಂಬ ಮಾತು ನಾಲಿಗೆಗೆ ಬಂದಿತ್ತು. ಅವನು ನನ್ನನ್ನು ನೋಡಿದ. "ಶರಣ್ರಿ ಬಾಯಾರ" ಎಂದ. ನಿಲ್ಲಲಿಲ್ಲ. ಅದೇ ಓಟದಲ್ಲಿ ಶಾರದಾಳ ಮನೆಯ ಕಡೆ ತಿರುಗಿದ.

ಇದಕ್ಕಾಗಿಯೇ ನಾನು ವರ್ಷಕ್ಕಿಂತ ಹೆಚ್ಚು ಕಾದಿದ್ದೆ. ಬಂದಾಗ ಎದೆಯಲ್ಲಿ ಉರಿ ಎದ್ದಿತು. ನನ್ನನ್ನು ಕೇಳಲೂ ಇಲ್ಲವಲ್ಲ. ಬರಂಗಿಲ್ಲ ಎಂದು ಹೇಳಲಾದರೂ ಕೇಳಬೇಕಿತ್ತಲ್ಲ. ಎದ್ದು ಒಳಗೆ ಹೋದೆ, ಪಟದ ಮುಂದೆ ನಿಂತೆ. ಒಪ್ಪಿಸಲು ಏನೂ ಇರಲಿಲ್ಲ. ಆ ಓಣಿಯಲ್ಲಿ ಯಾರು ಬಸುರಿ, ಎಷ್ಟನೆಯದು, ಹೊಟ್ಟೆ ಹೇಗಿದೆ, ಒಂದೂ ತಿಳಿಯದು. ನಾನು ಅವಳನ್ನು ಮುಟ್ಟಿರಲಿಲ್ಲ, ಮುಖ ನೋಡಿರಲಿಲ್ಲ. "ಅವ್ವಾ, ಯಾವಾಕಿ ಅದಾಳೋ, ಆಕಿನ್ನ ಕಾಯಿ" ಎಂದೆ. ಉರಿ ಇಳಿಯಲಿಲ್ಲ. ಉರಿಯ ಜೊತೆಗೇ ಮತ್ತೊಮ್ಮೆ ಎಂದೆ.

ಮಧ್ಯಾಹ್ನ ಶಾರದಾ ಬಂದಳು. ಕಾಲು ಚಾಚಿ ಕೂತು ಚಹಾ ಕೇಳಿದಳು. ಸಂಬಳ ತಡವಾದದ್ದು ಹೇಳಿದಳು, ಬಾಗಲಕೋಟೆಯಲ್ಲಿ ತಂಗಿಗೆ ನೋಡಲು ಬಂದ ವರನ ಮೂಗು ಉದ್ದ ಎಂದಳು. ಚಹಾ ಮುಗಿಯಿತು. ನನಗೆ ತಡೆಯಲಾಗಲಿಲ್ಲ.

"ಏನಾತು?"

"ಏನ್ರಿ?"

"ಹೆರಿಗಿ. ಕೆಳಗಿನ ಓಣ್ಯಾಗ."

"ಓ, ಅದರಿ? ಆತ್ರಿ. ಹೆಣ್ಣು. ಚಲೋ ಅದಾರ ಇಬ್ರೂ." ಬಟ್ಟಲು ಕೆಳಗಿಟ್ಟಳು. "ಚಾಕ್ಕ ಸಕ್ರಿ ಕಡಿಮಿ ಆಗೈತಿ ನೋಡ್ರಿ."

"ತಾಯಿ ಹೆಸರೇನು?"

"ಹುಲಿಗೆವ್ವ. ಯಾಕ್ರಿ?"

"ಏನಿಲ್ಲ. ಮುಂಜಾನಿ ಆಕಿ ಹೆಸರು ಗೊತ್ತಿಲ್ದನ ಬೇಡಕೊಂಡಿದ್ದೆ" ಎಂದೆ, ಸಕ್ಕರೆ ಡಬ್ಬಿ ಇಳಿಸುತ್ತ.